ಬಸಿಗಾಲುವೆ ಇಲ್ಲದ ಓದು

ಚಿಕ್ಕೋಡಿಯಲ್ಲಿ ಒಂದು ಭಾನುವಾರದ ಸಂಜೆ. ಮಾತಿಗೆ ಕುಳಿತವರು ಇಬ್ಬರು. ಅಕ್ಕ ನಿಪ್ಪಾಣಿಯವರು, ಇಲ್ಲಿಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಪಿಎಚ್.ಡಿ. ಮುಗಿಸಿದವರು. ತಂಗಿ ಅವರ ಹಳೆಯ ವಿದ್ಯಾರ್ಥಿನಿ, ರಾಯಬಾಗ ತಾಲ್ಲೂಕಿನ ಕೃಷ್ಣಾ ದಂಡೆಯ ಹಳ್ಳಿಯವಳು. ಬೆಳಗಾವಿಯಲ್ಲಿ ಸಂಶೋಧನೆಗೆ ಸೇರಿ ಮೂರು ತಿಂಗಳಾಗಿದೆ. ಸವಳು-ಜವಳಾದ ಹೊಲಗಳನ್ನು ನಂಬಿದ ಮನೆಗಳ ಆದಾಯ ಅವಳ ವಿಷಯ. ಕಾಲೇಜಿನಲ್ಲಿ ಮೇಡಂ ಎನ್ನುತ್ತಿದ್ದವಳು ಈಗ ಅಕ್ಕಾರ ಎನ್ನುತ್ತಾಳೆ.

ತಂಗಿ: ಅಕ್ಕಾರ, ಈ ಪಿಎಚ್.ಡಿ. ಬಿಟ್ಟಬಿಡಬೇಕಂತ ಮಾಡೇನ್ರಿ.

ಅಕ್ಕ: ಮದಲ ಚಾ ಕುಡಿ. ಬಿಡೂದು ಒಂದು ಅರ್ಜಿ ಬರಿಯೂವಷ್ಟು ಹೊತ್ತಿನ ಕೆಲಸ, ಅದಕ್ಕ ಅವಸರ ಏನೈತಿ? ಏನಾತು ಅನ್ನೂದನ್ನ ಹೇಳು.

ತಂಗಿ: ಏನೂ ಆಗಿಲ್ರಿ, ಅದ ನನ್ನ ತ್ರಾಸ. ಬಿ.ಎ., ಎಂ.ಎ. ಓದೂವಾಗ ಟೈಮ್‌ಟೇಬಲ್ ಇತ್ತು, ಪರೀಕ್ಷಾ ಇತ್ತು, ರಿಸಲ್ಟ್ ಇತ್ತು. ಇಲ್ಲಿ ಕೋರ್ಸ್‌ವರ್ಕಿನ ಕ್ಲಾಸ್ ಮುಗಿದ ಮ್ಯಾಲ ಇಡೀ ದಿನ ನಂದ. ಯಾವಾಗಲೂ ಓದಬೇಕು ಅನಸ್ತೈತಿ, ಯಾವಾಗ ಕುಂತ್ರೂ ಓದಾಕ ಆಗವಲ್ದು. ಹಾಸ್ಟೆಲ್‌ನ್ಯಾಗ ಮನಿ ನೆನಪು, ಮನಿಗೆ ಹೋದ್ರ ಥೀಸಿಸ್ ನೆನಪು. ಎರಡೂ ಕಡೆ ಅರ್ಧರ್ಧ ಅದೀನಿ.

ಅಕ್ಕ: ಗುರಿ ಅಂತ ಏನಾರ ಬರಕೊಂಡಿಯೇನು?

ತಂಗಿ: ಬರಕೊಂಡೇನ್ರಿ, ನೋಡ್ರಿ. ಒಟ್ಟು 14 ಅದಾವ. ಮುಂಜಾನೆ 4ಕ್ಕ ಏಳೂದು, ರಾತ್ರಿ 11ಕ್ಕ ಮಲಗೂದು. ದಿನಾ 12 ತಾಸು ಓದೂದು. ಆರು ತಿಂಗಳದಾಗ ಎರಡು ಲೇಖನ ಅಚ್ಚಾಗಬೇಕು. ನೆಟ್ ಪರೀಕ್ಷಾದಾಗ ಜೆಆರ್‌ಎಫ್ ತಗೋಬೇಕು. ಇಂಗ್ಲಿಷ್ ಸುಧಾರಿಸಬೇಕು. ಪ್ರತಿ ವಾರ ಊರಿಗೆ ಹೋಗಬೇಕು. ಹಿಂಗ ನಡದೈತಿ ಪಟ್ಟಿ.

ಅಕ್ಕ: ಎಷ್ಟು ದಿನ ನಡೀತು?

ತಂಗಿ: ಮೂರು ದಿನ. ನಾಕನೇ ದಿನ ಎಚ್ಚರ ಆಗಲಿಲ್ಲ. ಇಡೀ ಪಟ್ಟಿ ಕೆಟ್ಟತು ಅನಿಸಿ ಆವತ್ತ ಪುಸ್ತಕನ ತೆಗೀಲಿಲ್ಲ.

ಅಕ್ಕ: ನಮ್ಮವ್ವಂದೊಂದು ಮಾತು ಹೇಳತೀನಿ. ನಿಪ್ಪಾಣಿಯೊಳಗ ನಮ್ಮ ಓಣಿ ಹೆಣ್ಣಮಕ್ಕಳೆಲ್ಲಾ ಬೀಡಿ ಕಟ್ಟಾವರು. ಕೂಲಿ ಸಾವಿರ ಬೀಡಿ ಲೆಕ್ಕದಾಗ. ಅವ್ವ ಮೊರದಾಗ ಎಲಿ, ತಂಬಾಕು ಇಟಕೊಂಡು ಕುಂತ್ರ ಸಾವಿರದ ಕಡೆ ನೋಡತಿರಲಿಲ್ಲ. 25 ಬೀಡಿಗೆ ಒಂದು ಕಟ್ಟು. ಒಂದು ಕಟ್ಟು ಆದಕೂಡಲೆ ದಾರ ಸುತ್ತಿ ಬದಿಗಿಡತಿದ್ಳು. ಅಂಥಾ 40 ಕಟ್ಟಾದ್ರ ಸಾವಿರ. ನಡುವ ಯಾರಾರ ಕರದ್ರ ಎದ್ದು ಹೋಗಿ ಬಂದು, ಬಿಟ್ಟ ಕಟ್ಟಿನಿಂದ ಶುರು ಮಾಡತಿದ್ಳು. ಒಂದು ಕಟ್ಟು ತಪ್ಪಿತು ಅಂತ ಮೊರ ಎತ್ತಿ ಇಟ್ಟದ್ದನ್ನ ನಾ ಒಂದಿನಾನೂ ನೋಡಿಲ್ಲ.

ತಂಗಿ: ದೊಡ್ಡ ಗುರಿಯನ್ನ ಸಣ್ಣ ಕಟ್ಟು ಮಾಡಕೋಬೇಕು ಅಂತೀರಿ.

ಅಕ್ಕ: ಅದು ಅರ್ಧಾ ಮಾತು. ಉಳಿದರ್ಧಾ ಕೇಳು. ಬೀಡಿ ಕಾರ್ಮಿಕರ ಸಲುವಾಗಿ 1966ರಾಗ ಒಂದು ಕಾಯ್ದೆ ಬಂತು. ಕಾರ್ಖಾನಿಯೊಳಗ ಕುಂತು ದುಡಿಯಾವರಿಗೆ ದಿನಕ್ಕ 9 ತಾಸು, ವಾರಕ್ಕ 48 ತಾಸು ಅಂತ ಮಿತಿ ಹಾಕಿತು, ವಾರಕ್ಕೊಂದು ಸೂಟಿ ಅಂತ ಬರೀತು. ಅವ್ವ ಮನಿಯೊಳಗ ಕುಂತು ಕಟ್ಟಾಕಿ. ಮನಿಯೊಳಗ ಗಂಟಿ ಹೊಡಿಯಾವರು ಯಾರು? ಅನ್ನಕ್ಕಿಟ್ಟು ಕಟ್ಟಿದ್ಳು, ನಮ್ಮನ್ನ ಮಲಗಿಸಿ ಕಟ್ಟಿದ್ಳು, ಹಬ್ಬದ ದಿನ ಕಟ್ಟಿದ್ಳು. ದುಡಿಮಿಗೂ ಮನಿಗೂ ನಡುವ ಒಂದು ಗ್ವಾಡಿ ಇರಲಿಲ್ಲ. ವಯಸ್ಸು ನಲವತ್ತಾಗೂದರಾಗ ಅಕಿ ಬೆನ್ನು ಬಾಗಿತ್ತು.

ತಂಗಿ: ನಂದೂ ಹಂಗ ಆಗೇತ್ರಿ. ಇರೂದೊಂದು ಖೋಲಿ. ಉಣ್ಣೂದು, ಮಲಗೂದು, ಓದೂದು ಎಲ್ಲಾ ಒಂದ ಹಾಸಗಿ ಮ್ಯಾಲ. ಯಾವಾಗ ಕೆಲಸ ಮುಗೀತು ಅನ್ನೂದ ಗೊತ್ತಾಗೂದಿಲ್ಲ.

ಅಕ್ಕ: ಸಂಶೋಧನಾ ಅಂದ್ರ ಗಂಟಿ ಇಲ್ಲದ ಕೆಲಸ. ಇಂಥಾ ಕೆಲಸಕ್ಕ ನಮ್ಮ ಗಂಟಿಯನ್ನ ನಾವ ಹೊಡಕೋಬೇಕು. ಅವ್ವಗ ಬ್ಯಾರೆ ದಾರಿ ಇರಲಿಲ್ಲ; ಕೂಲಿ ಬಿಟ್ಟಿದ್ರ ಒಲಿ ಆರತಿತ್ತು. ನಿನಗ ದಾರಿ ಐತಿ. ಇದ್ದ ದಾರಿಯನ್ನ ನೀ ಬಳಸಬೇಕು.

ತಂಗಿ: ಸೂಟಿ ಮಾಡಿದ್ರ ತಪ್ಪು ಮಾಡಿದಂಗ ಅನಸ್ತೈತ್ರಿ. ಅಪ್ಪ ಬಿಸಲಾಗ ದುಡೀತಾನ, ನಾ ನೆರಳಾಗ ಕುಂತು ಅದಕ್ಕೂ ಸೂಟಿ ಕೇಳೂದೇನು ಅಂತ.

ಅಕ್ಕ: ನಿಮ್ಮ ಅಜ್ಜನ ಕಾಲಕ್ಕ ಎತ್ತು ಇದ್ವಲ್ಲ? ಸೋಮವಾರ ಹೂಡತಿದ್ರೇನು?

ತಂಗಿ: ಇಲ್ರಿ. ಸೋಮವಾರ ಬಸವಣ್ಣನ ದಿನ. ಹೆಗಲಿಗೆ ನೊಗಾ ಇಡತಿರಲಿಲ್ಲ.

ಅಕ್ಕ: ಹದ ಬಂದು, ಬಿತ್ತಿಗೆ ದಿನ ಕಡಿಮಿ ಇದ್ದಾಗ?

ತಂಗಿ: ಆವಾಗೂ ಇಲ್ರಿ.

ಅಕ್ಕ: ಎತ್ತಿಗೆ ಸಿಕ್ಕ ಸೂಟಿ ಅಜ್ಜನ ಮೊಮ್ಮಗಳಿಗೆ ಸಿಕ್ಕಿಲ್ಲ, ನೋಡು. ಆ ಹಿರ್ಯಾರು ಮೈಗಳ್ಳರಾಗಿದ್ರೇನು? ಮಂಗಳವಾರ ಎತ್ತು ಎಳೀಬೇಕಾದ್ರ ಸೋಮವಾರ ನಿಲ್ಲಬೇಕು ಅನ್ನೂದು ಅವರಿಗೆ ಗೊತ್ತಿತ್ತು. ಇರಲಿ, ನಿನ್ನ ವಿಷಯಕ್ಕ ಬರೂಣು. ಹೊಲ ಯಾಕ ಸವಳಾಗತೈತಿ? ನಮ್ಮವ್ವಗ ತಿಳಿಯೂವಂಗ ಹೇಳು.

ತಂಗಿ: ಕುಡಚಿ, ಉಗಾರ, ಕಾಗವಾಡ, ಅಥಣಿ ಕಡೆ ಹೊಳಿದಂಡಿಗೆ ಕರಿ ಎರಿಭೂಮಿ. ನೀರು ಹಿಡಕೊಂತೈತಿ, ಬ್ಯಾಗ ಬಿಡೂದಿಲ್ಲ. ಹಿಂದ ಜ್ವಾಳ, ಕಡ್ಲಿ ಬೆಳೀತಿದ್ರು. ಆಮ್ಯಾಲ ಹೊಳಿಗೆ ಪಂಪ್ ಹಚ್ಚಿ ಕಬ್ಬು ಹಾಕಿದ್ರು. ಕಬ್ಬು ಕಡದ್ರ ಕುಳೆ, ಕುಳೆ ತೆಗೆದ್ರ ಮತ್ತ ಕಬ್ಬು. ಕರೆಂಟ್ ಬಂದಾಗೆಲ್ಲಾ ಮೋಟರ್ ಚಾಲೂ. ಹೆಚ್ಚಿಗಿ ನೀರು ಕೆಳಗಿಳಿದು ನಿಂತು, ನೆಲದೊಳಗಿನ ನೀರಿನ ಮಟ್ಟ ಏರತೈತಿ. ಅದರ ಜೋಡಿ ನೆಲದಾಗಿನ ಉಪ್ಪೂ ಮ್ಯಾಲ ಬರತೈತಿ. ಬಿಸಲಿಗೆ ನೀರು ಆರಿ ಹೋಗತೈತಿ, ಉಪ್ಪು ಉಳೀತೈತಿ. ಕಡೀಕ ಹೊಲದ ಮ್ಯಾಲ ಸುಣ್ಣಾ ಚೆಲ್ಲಿದಂಗ ಬೆಳ್ಳಗ ಕಾಣತೈತಿ, ಹಾಕಿದ ಬೀಜ ಮೊಳಕಿ ಒಡಿಯೂದಿಲ್ಲ.

ಅಕ್ಕ: ಮತ್ತ ಸುಧಾರಣಾ ಹೆಂಗ?

ತಂಗಿ: ನೀರು ಹಿತಮಿತ ಕೊಡಬೇಕು, ಡ್ರಿಪ್ ಹಾಕಬೇಕು, ಸೆಣಬು ಬೆಳೆದು ಮಣ್ಣಾಗ ಕೂಡಿಸಬೇಕು. ಎಲ್ಲಕ್ಕಿಂತ ಮದಲ ಬಸಿಗಾಲುವಿ ತೋಡಬೇಕು. ಇಲ್ಲಾ, ನೆಲದೊಳಗ ತೂತಿನ ಪೈಪ್ ಹೂಳಿ ನೀರನ್ನ ಹಳ್ಳಕ್ಕ ಬಿಡಬೇಕು. ನೀರು ಬಸದ್ರನ ಉಪ್ಪು ತೊಳದು ಹೋಗೂದು. ಆದ್ರ ಒಬ್ಬ ರೈತನ ಕೈಲೆ ಆಗೂದಿಲ್ರಿ. ಬಸದ ನೀರು ಹಳ್ಳ ಮುಟ್ಟಬೇಕಾದ್ರ ಬಾಜೂ ಹೊಲದಾವರು ದಾರಿ ಕೊಡಬೇಕು.

ಅಕ್ಕ: ರೈತ ಆಳಸಿ ಆಗಿದ್ದಕ್ಕ ಸವಳಾತೇನು?

ತಂಗಿ: ಛೇ, ಇಲ್ರಿ. ಇನ್ನೂ ಹೆಚ್ಚು ಬೆಳೀಬೇಕು ಅನ್ನೂ ಆಸೆಗೆ... ಅಕ್ಕಾರ, ನೀವು ನನ್ನ 12 ತಾಸಿನ ಮಾತು ಆಡಾಕತ್ತೀರಿ.

ಅಕ್ಕ: ಹೂಂ. ನೀರಿಲ್ಲದ ಬೆಳಿ ಇಲ್ಲ, ಓದಿಲ್ಲದ ಸಂಶೋಧನಾ ಇಲ್ಲ. ಆದ್ರ ಬಸದು ಹೋಗಾಕ ದಾರಿ ಇಲ್ಲದ ಓದು ತಲಿಯೊಳಗ ಉಪ್ಪಾಗಿ ಕುಂಡರತೈತಿ. ನಾಕನೇ ದಿನ ನಿನಗ ಎಚ್ಚರ ಆಗಲಿಲ್ಲಲ್ಲ, ಆವತ್ತ ನಿನ್ನ ಹೊಲದಾಗ ನೀರು ನಿಂತಿತ್ತು.

ತಂಗಿ: ಅಂಬೇಡ್ಕರ್ ಅವರು ದಿನಕ್ಕ 18 ತಾಸು ಓದತಿದ್ರು ಅಂತ ಕ್ಲಾಸಿನ್ಯಾಗ ನೀವ ಹೇಳಿದ್ರಿ.

ಅಕ್ಕ: ಹೇಳೇನಿ. 1925ರಾಗ ಅವರು ನಮ್ಮ ನಿಪ್ಪಾಣಿಗೆ ಬಂದಿದ್ರು, ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷರಾಗಿ. ಅವರ ಓದಿನ ಕತಿಯನ್ನ ಪೂರ್ತಿ ನೋಡು. 1913ರಾಗ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮ್ಯಾಲ ಕೊಲಂಬಿಯಾ ವಿಶ್ವವಿದ್ಯಾಲಯಕ್ಕ ಹೋದ್ರು, 1916ರಾಗ ಲಂಡನ್ನಿಗೆ. ವೇತನದ ಅವಧಿ ಮುಗೀತು, 1917ರಾಗ ಓದನ್ನ ಅರ್ಧಕ್ಕ ಬಿಟ್ಟು ಬರಬೇಕಾತು. ಮುಂಬೈದಾಗ ಪಾಠ ಹೇಳಿ, ರೊಕ್ಕ ಕೂಡಿಸಿ, 1920ರಾಗ ಮತ್ತ ಲಂಡನ್ನಿಗೆ ಹೋದ್ರು. 1923ರಾಗ ಡಿ.ಎಸ್ಸಿ. ಆತು. ನೀ 18 ತಾಸನ್ನ ನೆನಪಿಟ್ಟಿ, ನಡುವಿನ ಮೂರು ವರ್ಷ ಮರತಿ.

ತಂಗಿ: ನಡುವ ನಿಂತಿತ್ತು ಅಂತ ನನಗ ಗೊತ್ತ ಇರಲಿಲ್ರಿ.

ಅಕ್ಕ: ಇನ್ನೊಂದು ಕೇಳು. ಮುಂದ ಅವರು ವೈಸ್‌ರಾಯ್ ಕೌನ್ಸಿಲ್ಲಿನ್ಯಾಗ ಕಾರ್ಮಿಕ ಖಾತೆ ನೋಡಿಕೊಂಡ್ರು. 1946ರ ಕಾರ್ಖಾನೆ ಕಾಯ್ದೆಯ ತಿದ್ದುಪಡಿಯಿಂದ ಕಾರ್ಮಿಕರ ವಾರದ ದುಡಿಮಿ 54 ತಾಸಿನಿಂದ 48ಕ್ಕ ಇಳೀತು. ಬಡತನ, ಜಾತಿ ಎರಡೂ ಕೂಡಿ ಅವರ ಹೊತ್ತನ್ನ ಕಸಕೊಂಡಿದ್ವು, ಅದಕ್ಕ ಅವರು ನಿದ್ದಿ ಬಿಟ್ಟು ಓದಿದ್ರು. ಮಂದಿಗೆ ಮಾತ್ರ ದುಡಿಮಿಯ ತಾಸು ಇಳಿಸಿ ಕೊಟ್ರು. ಅವರಿಂದ ಕಲಿಯೂದಾದ್ರ ಎರಡನ್ನೂ ಕಲಿ.

ತಂಗಿ: ನಿಧಾನ ಹೋದ್ರ ಹಿಂದ ಬೀಳತೀನಿ ಅನ್ನೂ ಅಂಜಿಕಿ ಹೋಗವಲ್ದು. ನನ್ನ ಜೋಡಿ ಇದ್ದಾವರೆಲ್ಲಾ ಶಹರದಾವರು, ಇಂಗ್ಲಿಷ್ ಸಾಲಿಯೊಳಗ ಕಲತಾವರು.

ಅಕ್ಕ: ಸದಲಗಾದ ಎ.ಎನ್. ಉಪಾಧ್ಯೆ ಅವರ ಹೆಸರು ಕೇಳಿಯೇನು? ಇದ ಚಿಕ್ಕೋಡಿ ತಾಲ್ಲೂಕಿನ್ಯಾಗ 1906ರಾಗ ಹುಟ್ಟಿದಾವರು. ಅವರು ಓದೂ ಕಾಲಕ್ಕ ಈ ಸೀಮಿಯೊಳಗ ವಿಶ್ವವಿದ್ಯಾಲಯನ ಇರಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು 1949ರಾಗ, ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯ 1962ರಾಗ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಾಗ. ಈಗ ನಿಪ್ಪಾಣಿಯಿಂದ ಒಂದ ಹೆದ್ದಾರಿ ಗುಂಟ ಆ ಕಡೆ ಹೋದ್ರ ಕೊಲ್ಲಾಪುರ, ಈ ಕಡೆ ಬಂದ್ರ ಬೆಳಗಾವಿ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ್ ಕಾಲೇಜಿನ್ಯಾಗ 1930ರಿಂದ ಮೂವತ್ತು ವರ್ಷ ಅರ್ಧಮಾಗಧಿ ಕಲಿಸಿಕೋತ, ಒಂದೊಂದ ಪ್ರಾಕೃತ ಗ್ರಂಥ ಸಂಪಾದಿಸಿದ್ರು. ಕುಂದಕುಂದಾಚಾರ್ಯರ ‘ಪ್ರವಚನಸಾರ’ 1935ರಾಗ ಬಂತು. ಹಸ್ತಪ್ರತಿಗಳನ್ನ ಅಕ್ಷರಕ್ಕಕ್ಷರ ಹೋಲಿಸೂ ಕೆಲಸ ಅದು, ಅವಸರ ಮಾಡಿದ್ರ ತಪ್ಪು ಉಳೀತೈತಿ. 1967ರಾಗ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾದ್ರು. ನಿವೃತ್ತಿ ಆದ ಮ್ಯಾಲ ಮೈಸೂರು ವಿಶ್ವವಿದ್ಯಾಲಯದಾಗ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಮುಖ್ಯಸ್ಥರಾದ್ರು. ಶೇಡಬಾಳದ ಮಿರ್ಜಿ ಅಣ್ಣಾರಾಯರೂ ಹಂಗ, ಸಾಲಿ ಮಾಸ್ತರಕಿ ಮಾಡಿಕೋತ ‘ನಿಸರ್ಗ’ದಂಥಾ ಕಾದಂಬರಿ ಬರದ್ರು. ಈ ಮಣ್ಣಾಗ ಬರದಾವರು ಓದಿದಾವರೆಲ್ಲಾ ಇನ್ನೊಂದು ಕೆಲಸ ಹೊತಗೊಂಡನ ಬರದಾರ, ಓದ್ಯಾರ.

ತಂಗಿ: ಅವರಿಗೆ ವರ್ಷಗಟ್ಟಲೆ ಹೊತ್ತಿತ್ತು. ನನಗೆಲ್ಲಿ ಐತ್ರಿ? ಊರಾಗ ಈಗಾಗಲೇ ಮದುವಿ ಮಾತು ಎತ್ತ್ಯಾರ.

ಅಕ್ಕ: ಯುಜಿಸಿಯ 2022ರ ನಿಯಮ ಓದಿಯೇನು?

ತಂಗಿ: ಸೇರೂವಾಗ ಸಹಿ ಮಾಡೇನಿ, ಓದಿಲ್ಲ.

ಅಕ್ಕ: ಈ ರಾತ್ರಿ ಓದು. ಪಿಎಚ್.ಡಿ.ಗೆ ಕಡಿಮಿ ಅಂದ್ರ 3 ವರ್ಷ, ಹೆಚ್ಚಂದ್ರ 6. ಮರುನೋಂದಣಿ ಮಾಡಿಸಿದ್ರ ಇನ್ನೂ 2 ವರ್ಷದ ತನಕ ಸಿಗತೈತಿ. ಹೆಣ್ಣಮಕ್ಕಳಿಗೆ, ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದಾವರಿಗೆ ಅದರ ಮ್ಯಾಲ ಮತ್ತ 2 ವರ್ಷ. ಬಾಳಂತನಕ್ಕ, ಮಗುವಿನ ಆರೈಕಿಗೆ 240 ದಿನದ ತನಕ ರಜೆ ಐತಿ. ನನ್ನ ಮಗಳು ಹುಟ್ಟಿದಾಗ ನಾ ಎರಡನೇ ಅಧ್ಯಾಯದಾಗಿದ್ದೆ. ರಜೆ ಕೇಳಾಕ ನಾಚಿಕಿ, ಕೇಳಿದ್ರ ಹೆಸರು ತೆಗೀತಾರೇನೋ ಅಂತ ಅಂಜಿಕಿ. ತೊಟ್ಟಿಲ ತೂಗಿಕೋತ ಬರದೆ, ಆ ಅಧ್ಯಾಯವನ್ನ ಆಮ್ಯಾಲ ಮತ್ತ ಹೊಸದಾಗಿ ಬರಿಯಬೇಕಾತು. ನಮ್ಮ ಹಕ್ಕನ್ನ ನಾವು ಓದದಿದ್ರ ಅದು ಕಾಗದದ ಮ್ಯಾಲ ಉಳೀತೈತಿ. ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿ ಮುಂದ ನೀ ಪ್ರಗತಿ ಒಪ್ಪಿಸಬೇಕು. ಆ ಒಂದು ಗಂಟಿಯನ್ನ ಅವರು ಹೊಡೀತಾರ. ಅದರ ನಡುವಿನ ಗಂಟಿ ಎಲ್ಲಾ ನಿನ್ನವು. ಪಟ್ಟಿ ಇತ್ತಾಗ ಕೊಡು.

ತಂಗಿ: ಜೆಆರ್‌ಎಫ್ ಮಾತ್ರ ಹೊಡೀಬ್ಯಾಡ್ರಿ. ತಿಂಗಳಿಗೆ 37,000 ರೂಪಾಯಿ. ಅದು ಬಂದ್ರ ಅಪ್ಪನ ಮ್ಯಾಲಿನ ಭಾರ ಇಳೀತೈತಿ.

ಅಕ್ಕ: ಅದಿರಲಿ. ರೊಕ್ಕದ ಚಿಂತಿ ಕಡಿಮಿ ಆಗೂದೂ ಸಮತೋಲನ. ಮಧ್ಯಾಹ್ನದ ಎರಡು ತಾಸು ಅದಕ್ಕ. ಮುಂಜಾನೆ 6ರಿಂದ 8ರ ತನಕ ಬರಿಯೂದು, ಫೋನ್ ಗೆಳತಿ ಖೋಲಿಯೊಳಗ ಇರಲಿ. ಒಂದ ಪ್ಯಾರಾ ಆದ್ರೂ ಸೈ, ಅದು ನಿನ್ನ 25 ಬೀಡಿಯ ಕಟ್ಟು. ದಿನಕ್ಕೊಂದು ಲೇಖನ ಓದು, ಓದಿದ್ದನ್ನ ಅರ್ಧಾ ಪುಟ ಕನ್ನಡದಾಗ ಬರದಿಡು. ಕನ್ನಡದಾಗ ಹೇಳಾಕ ಬಂದ್ರ ತಿಳದೈತಿ ಅಂತ ಅರ್ಥ. ಇಂಗ್ಲಿಷ್ ಅದರ ಬೆನ್ನ ಹಿಂದ ಬರತೈತಿ. ಬ್ಯಾರೆಯಾವರು ಥೀಸಿಸ್ ಹೆಂಗ ಕಟ್ಟ್ಯಾರ ಅನ್ನೂದನ್ನ ಶೋಧಗಂಗಾ ಜಾಲತಾಣದಾಗ ನೋಡು, ಅಂಜಿಕಿ ಅರ್ಧಾ ಹೋಗತೈತಿ. ಹದಿನೈದು ದಿನಕ್ಕೊಮ್ಮೆ ಗೈಡ್ ಕೈಯಾಗ ಒಂದು ಪುಟ ಕೊಡು: ಏನು ಮಾಡಿದೆ, ಎಲ್ಲಿ ನಿಂತೆ, ಮುಂದೇನು. ಅವರು ಕರೀಲಿ ಅಂತ ಕಾಯಬ್ಯಾಡ. ಐದನೇದು, ವಾರಕ್ಕೊಂದು ದಿನ ಥೀಸಿಸ್ ಮುಚ್ಚು. ಆವತ್ತ ನಿನ್ನ ಹೆಗಲ ಮ್ಯಾಲ ನೊಗಾ ಇಲ್ಲ.

ತಂಗಿ: 14 ಇದ್ದದ್ದು 5 ಆತು. ಊರಿಗೆ ಹೋಗೂದು ಎಲ್ಲಿ ಹೋತ್ರಿ?

ಅಕ್ಕ: ಅದನ್ನ ದಿನದ ಪಟ್ಟಿಯೊಳಗ ಇಡಬ್ಯಾಡ, ವರ್ಷದ ಕ್ಯಾಲೆಂಡರಿನ್ಯಾಗ ಇಡು. ನಿಮ್ಮ ಕಬ್ಬು ಕಡಿಯೂದು ಯಾವಾಗ?

ತಂಗಿ: ಕಾರ್ಖಾನಿ ಚಾಲೂ ಆಗಿ, ಗ್ಯಾಂಗ್ ನಮ್ಮ ಪಾಳಿಗೆ ಬರೂವಷ್ಟೊತ್ತಿಗೆ ಡಿಸೆಂಬರ್ ಆಗತೈತಿ. ಆ ವಾರ ನಾ ಮನಿಯಾಗ ಇರಾಕಬೇಕು, ಅವ್ವ ಒಬ್ಬಾಕಿ ಆಗತಾಳ. ಆಮ್ಯಾಲ ಭಾರತ ಹುಣ್ಣಿವಿಗೆ ಚಿಂಚಲಿ ಮಾಯಕ್ಕನ ಜಾತ್ರಿ. ಮಹಾರಾಷ್ಟ್ರದಿಂದ ಬೀಗರೆಲ್ಲಾ ಬರತಾರ.

ಅಕ್ಕ: ಈಗ ಬರದಿಡು, ಗೈಡ್‌ಗೂ ಈಗ ಹೇಳಿಡು. ಆ ದಿನ ಲ್ಯಾಪ್‌ಟಾಪ್ ಹಾಸ್ಟೆಲ್‌ನ್ಯಾಗ ಉಳೀಲಿ. ಗ್ಯಾಂಗಿನ ಹೆಣ್ಣಮಕ್ಕಳಿಗೆ ಚಾ ಕೊಡೂವಾಗ ಥೀಸಿಸ್ ಚಿಂತಿ ಮಾಡಬ್ಯಾಡ. ಮಳಿಗಾಲದಾಗ ಹೊಲದ ಕೆಲಸ ಕಡಿಮಿ ಇದ್ದಾಗ ತಿಂಗಳಿಗೊಮ್ಮೆ ಹೋದ್ರೂ ನಡೀತೈತಿ. 2019ರಂಗ ಹೊಳಿ ಬಂದ್ರ ಎಲ್ಲಾ ಪಟ್ಟಿ ಬದಿಗಿಟ್ಟು ಓಡು, ಆವಾಗ ಯಾರನ್ನೂ ಕೇಳಬ್ಯಾಡ. ದಿನಾ ಎರಡೂ ಕಡೆ ಸರಿಸಮ ತೂಗತೀನಿ ಅಂತ ಹೊಂಟ್ರ ಎರಡೂ ಕಡೆ ಕಡಿಮಿ ಬೀಳತೈತಿ. ಓದು, ಮನಿ ಎರಡನ್ನೂ ವರ್ಷದ ತಕ್ಕಡಿಯೊಳಗ ತೂಗು.

ತಂಗಿ: ನಾ ಒಪ್ಪಿದ್ರೇನಾತ್ರಿ? ಅವ್ವ ಫೋನ್ ಮಾಡಿದಾಗೆಲ್ಲಾ ಒಂದ ಪ್ರಶ್ನೆ, ಯಾವಾಗ ಮುಗೀತೈತಿ ಅಂತ. ಆ ಪ್ರಶ್ನೆಗೆ ನನ್ನ ಕಡೆ ಉತ್ತರನ ಇಲ್ಲ. ಫೋನ್ ಇಟ್ಟ ಮ್ಯಾಲ ಎರಡು ತಾಸು ಕೈ ಆಡೂದಿಲ್ಲ.

ಅಕ್ಕ: ನೀ ಏನು ಓದತಿ ಅಂತ ಅವ್ವಗ ಒಂದಿನಾ ಹೇಳಿದಿಯೇನು?

ತಂಗಿ: ಇಲ್ರಿ. ಅಕಿಗೇನು ತಿಳೀತೈತಿ ಅಂತ...

ಅಕ್ಕ: ಸವಳು ಹೊಲದಾಗ ಮೂರು ಸಲ ಬೀಜ ಹಾಕಿ ಕಳಕೊಂಡಾಕಿ ಅಕಿ. ನಿನ್ನ ವಿಷಯ ನಿನಗಿಂತ ಅಕಿಗೆ ಹೆಚ್ಚು ಗೊತ್ತೈತಿ. ಈಗ ನನಗ ಹೇಳಿದ್ಯಲ್ಲ, ಉಪ್ಪು ಯಾಕ ಮ್ಯಾಲ ಬರತೈತಿ ಅಂತ, ಅದನ್ನ ಅಕಿ ಮುಂದ ಕುಂತು ಹೇಳು. ಅಕಿ ತಿದ್ದತಾಳ. ತಿದ್ದಿದ್ದನ್ನ ಬರಕೊ, ನಿನ್ನ ಮದಲನೇ ಕ್ಷೇತ್ರಕಾರ್ಯ ಅದ. ಈ ಐದು ಗುರಿಯ ಕಾಗದ ತೋರಿಸಿ, ಪಾಸ್ ಆಗೂ ಓದು ಇದಲ್ಲ, ದಿನಾ ಒಂದಿಷ್ಟು ಕಟ್ಟೂ ಓದು ಅಂತ ಹೇಳು. ಬಾಜೂ ಹೊಲದಾವರು ದಾರಿ ಕೊಡಬೇಕು ಅಂದ್ಯಲ್ಲ, ಆ ದಾರಿಯನ್ನ ಮದಲ ನೀ ಕೇಳಬೇಕು.

ತಂಗಿ: ನಾಳೆ ಸೋಮವಾರ. ಊರಿಗೆ ಹೋಗಿ ಅವ್ವನ ಜೋಡಿ ಕುಂತು, ಮಂಗಳವಾರ ಮುಂಜಾನೆ ಕುಡಚಿ ಸ್ಟೇಶನ್ನಿನಿಂದ ಬೆಳಗಾವಿ ರೈಲು ಹಿಡೀತೀನ್ರಿ. ಅರ್ಜಿ ಬರಿಯೂದಿಲ್ಲ.

ಇಲ್ಲಿಗೆ ಅವರಿಬ್ಬರ ಮಾತು ಮುಗಿಯಿತು. ಇನ್ನುಳಿದ ಮಾತು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ತಾಯಿತಂದೆಯರಿಗೆ, ಮಾರ್ಗದರ್ಶಕರಿಗೆ. ನಿಮ್ಮ ಮನೆಯಿಂದ, ನಿಮ್ಮ ತರಗತಿಯಿಂದ ಒಬ್ಬ ಮಗ ಅಥವಾ ಮಗಳು ಸಂಶೋಧನೆಗೆ ಹೋಗಿದ್ದರೆ, ಯಾವಾಗ ಮುಗಿಯುತ್ತದೆ ಎಂದು ಕೇಳಬೇಡಿ. ಈ ವಾರ ಏನು ಓದಿದೆ, ಒಂದು ದಿನವಾದರೂ ನಿಂತೆಯಾ ಎಂದು ಕೇಳಿ. ಹೊಲಕ್ಕೆ ಹೊಳೆಯ ನೀರು ತಂದವರು ನೀವೇ. ಬಸಿಗಾಲುವೆಗೆ ದಾರಿ ಬಿಡಬೇಕಾದವರೂ ನೀವೇ.